ಲೆಕ್ಕದ ಮಿಸ್ ನಮ್ಮ ಬಾಗಿಲಿಗೆ ಬಂದ ಬೆಳಗು

ನಮ್ಮ ಕೇಂದ್ರದ ತಲೆಬಾಗಿಲ ಪಕ್ಕದಲ್ಲಿ ಒಂದು ಚಪ್ಪಲಿ ಗೂಡಿದೆ. ಯಾರ ಮನೆಯಲ್ಲಿಲ್ಲ ಅದು, ಅದರಲ್ಲೇನು ವಿಶೇಷ ಎಂದು ನೀವು ಕೇಳಿದರೆ ತಪ್ಪಲ್ಲ. ಆದರೆ ಇದು ಬಾಗಿಲಿನ ಹೊರಗಿಲ್ಲ, ಒಳಗಿದೆ. ಇದರಲ್ಲಿರುವುದು ಬಂದವರು ಬಿಟ್ಟ ಚಪ್ಪಲಿಯಲ್ಲ, ಬರುವವರಿಗೆಂದು ಗಾಂಧಿಬಜಾರಿನಿಂದ ತಂದಿಟ್ಟ ಹೊಸ ಹವಾಯಿ ಚಪ್ಪಲಿ. ದೊಡ್ಡವರ ಅಳತೆಯವು ಕೆಳಗಿನ ಸಾಲಿನಲ್ಲಿ, ಮಕ್ಕಳವು ಮೇಲೆ. ಮನೆಯಿಂದ ಓಡಿ ಬರುವ ಹೆಂಗಸು ಮಗುವನ್ನು ಮರೆಯುವುದಿಲ್ಲ, ಒಲೆ ಆರಿಸುವುದನ್ನು ಕೂಡ ಮರೆಯುವುದಿಲ್ಲ, ಚಪ್ಪಲಿಯನ್ನು ಮಾತ್ರ ಮರೆತು ಬರುತ್ತಾಳೆ. ಬಂದು ಕುಳಿತು, ನೀರು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ತನ್ನ ಬರಿಗಾಲನ್ನು ನೋಡಿಕೊಂಡು ನಾಚುತ್ತಾಳೆ. ಆ ನಾಚಿಕೆ ಅವಳು ಪಡಬೇಕಾದದ್ದಲ್ಲ ಎಂದು ಮನಗಾಣಿಸಲು ತಿಂಗಳುಗಳೇ ಬೇಕು. ಒಂದು ಜೊತೆ ಚಪ್ಪಲಿ ಕೊಡಲು ಅರ್ಧ ನಿಮಿಷ ಸಾಕು. ಹಾಗಾಗಿ ನಾವು ಚಪ್ಪಲಿಯಿಂದಲೇ ಶುರು ಮಾಡುತ್ತೇವೆ.

ಕೇಂದ್ರವಿರುವುದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಕೆಂಪು ಗಾರೆ ನೆಲದ, ಎತ್ತರದ ಕಿಟಕಿಗಳ ಹಳೆಯ ಮನೆಯಲ್ಲಿ. ಸಂಕಟದಲ್ಲಿರುವ ಹೆಂಗಸರು, ಅವರ ಮಕ್ಕಳು, ಒಮ್ಮೊಮ್ಮೆ ಇಡೀ ಸಂಸಾರವೇ ಬಂದು ಕೂರಬಹುದಾದ ಜಾಗ ಅದು. ಕಾನೂನಿನ ಸಲಹೆ ಬೇಕಾದವರಿಗೆ ವಕೀಲೆಯೊಬ್ಬರು ಬರುತ್ತಾರೆ, ಠಾಣೆಗೆ ಹೋಗಬೇಕಾದವರಿಗೆ ಜೊತೆ ಸಿಗುತ್ತದೆ, ಎಲ್ಲಿಗೂ ಹೋಗಲಾಗದವರಿಗೆ ಮಹಡಿಯ ಮೇಲೆ ಎರಡು ಕೋಣೆಗಳಿವೆ. ನನ್ನ ಪಾಲಿನ ಕೆಲಸ ಇದ್ಯಾವುದೂ ಅಲ್ಲ. ನಾನು ಬಾಗಿಲು ತೆಗೆಯುವವಳು. ವಾರಕ್ಕೆ ಮೂರು ಬೆಳಗ್ಗೆ ಶಂಕರಪುರದ ನನ್ನ ಮನೆಯಿಂದ ನಡೆದು ಬಂದು, ಫಿಲ್ಟರಿಗೆ ಕಾಫಿಪುಡಿ ಹಾಕಿ, ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂರುತ್ತೇನೆ. ಕೇಂದ್ರವನ್ನು ನಡೆಸುವ ಗೌತಮಿ ವಯಸ್ಸಿನಲ್ಲಿ ನನ್ನ ಮಗಳಂತಿದ್ದರೂ ಈ ಕೆಲಸದಲ್ಲಿ ನನಗೆ ಮೇಷ್ಟರು. ಮೊದಲ ದಿನವೇ ಅವಳು ಒಂದು ಪಾಠ ಹೇಳಿದ್ದಳು: "ಪದ್ಮಕ್ಕ, ಬಂದವ್ರನ್ನ ಏನಾಯ್ತು ಅಂತ ಮೊದ್ಲು ಕೇಳ್ಬೇಡಿ. ತಿಂಡಿ ಆಯ್ತಾ ಅಂತ ಕೇಳಿ. ಏನಾಯ್ತು ಅಂದ್ರೆ ಎದ್ದು ಹೋಗ್ಬಿಡೋರು ಇದಾರೆ. ತಿಂಡಿ ಆಯ್ತಾ ಅಂದಿದ್ದಕ್ಕೆ ಇವತ್ತಿನವರೆಗೂ ಯಾರೂ ಎದ್ದು ಹೋಗಿಲ್ಲ."

ಕಿವಿಯ ಕೆಲಸ ನನಗೆ ಹೊಸತಲ್ಲ. ಮೂವತ್ತೈದು ವರ್ಷ ದೂರವಾಣಿ ಇಲಾಖೆಯಲ್ಲಿ ದುಡಿದವಳು ನಾನು. ಅದರಲ್ಲಿ ಮೊದಲ ಭಾಗವೆಲ್ಲ ಊರಿಂದೂರಿಗೆ ಕರೆ ಜೋಡಿಸುವ ಆಪರೇಟರಾಗಿ ಕಳೆಯಿತು. ಅಲ್ಲಿ ನಮಗೆ ಕಲಿಸಿದ ಶಿಸ್ತು ಒಂದೇ: ಎರಡೂ ಕಡೆಯವರು ಹಲೋ ಎಂದ ಕೂಡಲೇ ನಡುವಿನಿಂದ ಸರಿದುಬಿಡಬೇಕು. ಬೇರೆಯವರ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಬಾರದು. ಒಳ್ಳೆಯ ಶಿಸ್ತೇ ಅದು, ಕಚೇರಿಯಲ್ಲಿ. ನಾನು ಅದನ್ನು ಮನೆಗೂ ಹೊತ್ತು ತಂದೆ. ಆಗ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳಿದ್ದಳು. ವಾರದಲ್ಲೊಂದೆರಡು ಸಂಜೆ ಗೋಡೆಯಾಚೆಯಿಂದ ಪಾತ್ರೆ ಬಿದ್ದ ಸದ್ದು, ಗಂಡಸಿನ ದನಿ, ಆಮೇಲೆ ಏನೂ ಇಲ್ಲದ ಮೌನ. ನನ್ನ ತಾಯಿ ಒಗ್ಗರಣೆಯ ಸೌಟನ್ನು ಬಾಣಲೆಗೆ ಕೊಂಚ ಜೋರಾಗಿ ಬಡಿಯುತ್ತಿದ್ದರು. ಅಪ್ಪ ಪತ್ರಿಕೆಯ ಹಾಳೆ ಮಗುಚುತ್ತಿದ್ದರು. "ಅವರ ಮನೆ ವಿಷಯ ನಮಗ್ಯಾಕೆ" ಎಂಬುದು ಯಾರೂ ಬಾಯಿಬಿಟ್ಟು ಹೇಳದ ಮನೆಯ ಕಾಯಿದೆಯಾಗಿತ್ತು. ಒಂದು ದಿನ ಅವರು ಮನೆ ಖಾಲಿ ಮಾಡಿಕೊಂಡು ಹೋದರು. ಆ ಹುಡುಗಿಯ ಹೆಸರೇನೆಂದು ನಾನು ಒಂದು ದಿನವೂ ಕೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ, ಕೈಯಲ್ಲಿ ಕೆಲಸವಿಲ್ಲದ ಒಂದು ಮಧ್ಯಾಹ್ನ. ಆ ಹೊಳಹು ನನ್ನನ್ನು ಕೂರಗೊಡಲಿಲ್ಲ. ಪರಿಚಿತರೊಬ್ಬರಿಂದ ವಿಚಾರಿಸಿಕೊಂಡು ಈ ಕೇಂದ್ರದ ಗೇಟು ತೆಗೆದೆ.

ನಮ್ಮ ಭಾಷೆ ಎಷ್ಟು ಜಾಣ ನೋಡಿ: ಕೇಳಿಸುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ ಎಂದು ಅದು ಎಂದೋ ವಿಂಗಡಿಸಿ ಇಟ್ಟುಬಿಟ್ಟಿದೆ. ಮೊದಲನೆಯದು ಕಿವಿಗೆ ತಾನಾಗಿ ಆಗುವುದು. ಎರಡನೆಯದು ನಾವು ಮನಸ್ಸು ಕೊಟ್ಟು ಮಾಡಬೇಕಾದದ್ದು. ಈ ಎರಡರ ನಡುವಿನ ದೂರವನ್ನು ಒಬ್ಬ ಹೆಂಗಸು ಎಪ್ಪತ್ತಾರನೆಯ ವಯಸ್ಸಿನಲ್ಲಿ ನಡೆದು ದಾಟಿದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನೇ ನಿಮಗೆ ಹೇಳಬೇಕೆಂದು ಕೂತದ್ದು. ಹೆಸರುಗಳನ್ನು ಬದಲಾಯಿಸಿದ್ದೇನೆ, ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಎರಡು ವರ್ಷದ ಹಿಂದಿನ ಒಂದು ಸೋಮವಾರ, ಬೆಳಗಿನ ಹತ್ತು ಗಂಟೆಯ ಹೊತ್ತು. ಗೇಟಿನ ಮುಂದೆ ಆಟೋ ನಿಂತಿತು. ಇಳಿದವರು ಇಬ್ಬರು. ಹಿರಿಯರು ಗಂಜಿ ಹಾಕಿದ ಹತ್ತಿ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಮುಂದೆ ನಡೆದರು. ಹಿಂದೆ ಬಂದವಳು ನಲವತ್ತರ ಆಸುಪಾಸಿನವಳು, ಎಡಗೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಿದ್ದಳು. ಅತ್ತೆ ಸೊಸೆ ಎಂದು ಊಹಿಸುವುದು ಕಷ್ಟವಾಗಲಿಲ್ಲ. ಸೊಸೆಯ ಜೊತೆ ಬರುವ ಅತ್ತೆಯರನ್ನು ನಾನು ಅಷ್ಟು ಹೊತ್ತಿಗೆ ಸಾಕಷ್ಟು ನೋಡಿದ್ದೆ; ನಾಲ್ಕು ಬುದ್ಧಿಮಾತು ಹೇಳಿ ಹೊಂದಿಕೊಂಡು ಹೋಗುವಂತೆ ಮಾಡಿ ಎಂದು ನಮ್ಮನ್ನು ಕೇಳಿಕೊಳ್ಳಲು ಬರುವವರೇ ಹೆಚ್ಚು. ಇವರೂ ಹಾಗೆಯೇ ಎಂದುಕೊಂಡು ಬಾಗಿಲು ತೆರೆದೆ.

ಹಿರಿಯರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ನೀನು ಪದ್ಮಾ ಅಲ್ವೇನೇ? ಹತ್ತನೇ ಕ್ಲಾಸು, ಬಿ ಸೆಕ್ಷನ್?"

ಆ ದನಿ ಕೇಳಿ ಅರವತ್ತೈದು ವರ್ಷದ ನನ್ನ ಕಾಲುಗಳು ತಾವಾಗಿ ಜೋಡಿಕೊಂಡು ನಿಂತವು. ಸರೋಜಾ ಮಿಸ್! ಬಸವನಗುಡಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ಕೈವಾರವಿಲ್ಲದೆ ಕಪ್ಪುಹಲಗೆಯ ಮೇಲೆ ಒಂದೇ ಬೀಸಿನಲ್ಲಿ ವೃತ್ತ ಬರೆಯುತ್ತಿದ್ದವರು. ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತದು ಎಂದು ಯಾರಾದರೂ ಅಂದರೆ ಉರಿದುಬೀಳುತ್ತಿದ್ದವರು. ನಾನು ಇಲಾಖೆಯ ಪರೀಕ್ಷೆ ಪಾಸಾಗಿದ್ದರೆ, ನನ್ನ ಕಾಲ ಮೇಲೆ ನಾನು ನಿಂತಿದ್ದರೆ, ಅದರಲ್ಲಿ ಅರ್ಧ ಪಾಲು ಇವರದು. ಇವರು ಮಲ್ಲೇಶ್ವರದಲ್ಲಿ ಮನೆ ಕಟ್ಟಿಸಿಕೊಂಡು ಹೋದರೆಂದಷ್ಟೇ ಕೇಳಿದ್ದೆ.

ಆದರೆ ಗುರುತು ಹಿಡಿದ ಸಂತೋಷ ಅವರ ಮುಖದಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ನನಗೆ ತಡವಾಗಿ ಅರ್ಥವಾಯಿತು. ಪರಿಚಯದವರ ಕಣ್ಣಿಗೆ ಬೀಳಬಾರದೆಂದೇ ಅವರು ಮಲ್ಲೇಶ್ವರದಿಂದ ಮೆಜೆಸ್ಟಿಕ್ ದಾಟಿ ಇಷ್ಟು ದೂರ ಬಂದಿದ್ದರು. ಬಂದರೆ, ಬಾಗಿಲಲ್ಲೇ ಹಳೆಯ ಶಿಷ್ಯೆ!

"ಅಡ್ರೆಸ್ ತಪ್ಪಾಯ್ತು ಅನ್ಸತ್ತೆ," ಎಂದರು ಮಿಸ್, ನನ್ನ ಮುಖ ನೋಡದೆ. "ಬಾ ವೀಣಾ, ಹೋಗೋಣ."

ವೀಣಾ ಮರುಮಾತಿಲ್ಲದೆ ತಿರುಗಿದಳು. ಆ ಮರುಮಾತಿಲ್ಲದ ತಿರುಗುವಿಕೆಯಲ್ಲಿ ದುಪಟ್ಟಾ ಸರಿದು ಅವಳ ಕೈ ಕಂಡಿತು. ಮಣಿಕಟ್ಟು ಬಾತು ನೀಲಿಗಟ್ಟಿತ್ತು. ಇವರು ಈಗ ಗೇಟು ದಾಟಿದರೆ ಮತ್ತೆ ಬರುವುದಿಲ್ಲ ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ತಡೆಯಲು ನನಗೆ ಬೇರೆ ಮಾತು ತೋಚಲಿಲ್ಲ, ಕಲಿತದ್ದನ್ನೇ ಹೇಳಿದೆ. "ಮಿಸ್, ತಿಂಡಿ ಆಯ್ತಾ?"

ಅವರು ನಿಂತರು. ಬೆನ್ನು ನಿಧಾನವಾಗಿ ಬಾಗಿತು. "ಇಲ್ಲ ಕಣೇ," ಎಂದರು. "ನಿನ್ನೆ ಮಧ್ಯಾಹ್ನದಿಂದ ಇಬ್ರೂ ಏನೂ ತಿಂದಿಲ್ಲ."

ಪಕ್ಕದ ದರ್ಶಿನಿ ಹೋಟೆಲಿನಿಂದ ಬಿಸಿ ಇಡ್ಲಿ ತಂದೆ. ಅವರು ತಿನ್ನುತ್ತಿರುವಾಗ ಒಳಗೆ ಹೋಗಿ ಗೌತಮಿಗೆ, ಇವರು ನನ್ನ ಮಿಸ್, ನಾನಿಲ್ಲಿ ಇರುವುದು ಸರಿಯೋ ತಪ್ಪೋ ಗೊತ್ತಿಲ್ಲ ಎಂದೆ. ಅವಳು ಅದನ್ನು ತಾನು ನಿರ್ಧರಿಸದೆ ನೇರವಾಗಿ ವೀಣಾಳನ್ನೇ ಕೇಳಿದಳು: "ಪದ್ಮಕ್ಕ ಇರ್ಬಹುದಾ? ಬೇಡ ಅಂದ್ರೆ ಅವರು ಇವತ್ತು ಮನೆಗೆ ಹೋಗ್ತಾರೆ, ಬೇಜಾರೇನಿಲ್ಲ." ವೀಣಾ ಅತ್ತೆಯ ಕಡೆ ನೋಡಿ, "ಇರ್ಲಿ. ಅತ್ತೆಗೆ ಮಾತಾಡೋಕೆ ಯಾರಾದ್ರೂ ಬೇಕು," ಎಂದಳು. ಕೈಮುರಿದುಕೊಂಡು ಬಂದವಳು ಕೂಡ ಇನ್ನೊಬ್ಬರ ಅಗತ್ಯ ಮೊದಲು ನೋಡುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಗೌತಮಿ ಅವಳನ್ನು ಡಾಕ್ಟರ ಬಳಿಗೆ ಕರೆದೊಯ್ದಳು. ಮಣಿಕಟ್ಟಿನಲ್ಲಿ ಸಣ್ಣ ಬಿರುಕಿತ್ತು.

ಜಗಲಿಯ ಕಲ್ಲುಬೆಂಚಿನ ಮೇಲೆ ಮಿಸ್ ಮತ್ತು ನಾನು. ಕಾಫಿ ಲೋಟವನ್ನು ಅವರ ಕೈಗೆ ಕೊಟ್ಟೆ. ಲೋಟ ಖಾಲಿಯಾದ ಮೇಲೆ ಅವರೇ ಮಾತು ತೆಗೆದರು.

"ಪ್ರಶಾಂತ ನನ್ನ ಒಬ್ಬನೇ ಮಗ. ಆಫೀಸಲ್ಲಿ ಒಳ್ಳೇ ಹೆಸರಿದೆ, ಬೀದೀಲಿ ಎಲ್ರೂ ಸಾಧು ಅಂತಾರೆ. ಮನೇಲಿ ಹನ್ನೊಂದು ವರ್ಷದಿಂದ ಇವಳಿಗೆ ಹೊಡೀತಾನೆ. ನನಗೆ ಮೊದಲ ದಿನದಿಂದ ಗೊತ್ತು ಪದ್ಮಾ. ಅವರ ರೂಮಿನ ಬಾಗಿಲು ಹಾಕಿದ ಕೂಡ್ಲೇ ನಾನು ಟೀವಿ ಸೌಂಡ್ ಜಾಸ್ತಿ ಮಾಡ್ತಿದ್ದೆ. ಮಗು ಕಿವಿಗೆ ಬೀಳ್ಬಾರ್ದು ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ." ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ನಿನ್ನೆ ಭಾನುವಾರ. ಊಟ ಆಗಿತ್ತು, ನಾನು ಅಡುಗೆಮನೇಲಿದ್ದೆ. ಮೊಮ್ಮಗಳು ಅನನ್ಯ ಹಾಲಲ್ಲಿ ಕೂತು ಓದ್ಕೊಳ್ತಿದ್ಲು. ಒಂಬತ್ತನೇ ಕ್ಲಾಸು ಅವಳು. ಒಳಗೆ ಶುರುವಾಯ್ತು. ನಾನು ಕೈ ಒರೆಸ್ಕೊಂಡು ಹೊರಗೆ ಬರೋ ಅಷ್ಟರಲ್ಲಿ ಟೀವಿ ಸೌಂಡ್ ಜಾಸ್ತಿ ಆಯ್ತು. ರಿಮೋಟು ಮಗು ಕೈಲಿತ್ತು. ಪುಸ್ತಕದಿಂದ ತಲೆ ಕೂಡ ಎತ್ತಲಿಲ್ಲ ಕಣೇ ಅವಳು. ಸೌಂಡ್ ಜಾಸ್ತಿ ಮಾಡಿ ಓದ್ತಾನೇ ಇದ್ಲು."

ನಾನು ಅವರ ಕೈ ಹಿಡಿದುಕೊಂಡೆ. ಒಂದು ಕಾಲಕ್ಕೆ ಸೀಮೆಸುಣ್ಣದ ಪುಡಿ ಹತ್ತಿರುತ್ತಿದ್ದ ಆ ಕೈಯನ್ನು ಹಿಡಿಯುವ ಸಲಿಗೆ ನನಗೆ ಎಂದೂ ಇರಲಿಲ್ಲ.

"ಮೂವತ್ತು ವರ್ಷ ಊರಿನ ಹೆಣ್ಣುಮಕ್ಕಳಿಗೆಲ್ಲ ತಲೆ ಎತ್ತಿ ನಡೀರಿ ಅಂತ ಹೇಳಿದೆ. ನನ್ನ ಮನೆ ಹೆಣ್ಣುಮಗೂಗೆ ಇದನ್ನ ಕಲಿಸ್ದೆ," ಎಂದರು. ಅವರು ಅಳಲಿಲ್ಲ. ತಪ್ಪಾದ ಲೆಕ್ಕವನ್ನು ಎಲ್ಲಿ ತಪ್ಪಿತೆಂದು ಹುಡುಕುವವರ ಮುಖ ಅದು.

ಮಧ್ಯಾಹ್ನ ಶಾಲೆಯಿಂದ ಅನನ್ಯಳನ್ನೂ ಕರೆತಂದರು. ಮೂವರೂ ಮಹಡಿಯ ಕೋಣೆಯಲ್ಲಿ ಉಳಿದರು. ಮರುದಿನ ಎಲ್ಲರೂ ಮೇಜಿನ ಸುತ್ತ ಕೂತಾಗ ಗೌತಮಿ ದಾರಿಗಳನ್ನು ಒಂದೊಂದಾಗಿ ವಿವರಿಸಿದಳು. ಕೆಲವು ತಿಂಗಳು ಬೇರೆ ಆಶ್ರಯದಲ್ಲಿ ಇರಬಹುದು, ತವರಿಗೆ ಹೋಗಬಹುದು, ಬಾಡಿಗೆ ಮನೆ ಹುಡುಕಬಹುದು, ನ್ಯಾಯಾಲಯದಿಂದ ರಕ್ಷಣೆಯ ಆದೇಶ ಪಡೆಯಬಹುದು. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ವೀಣಾ ಆಗ ಮೊದಲ ಸಲ ದನಿ ಎತ್ತಿದಳು.

"ನಾನೆಲ್ಲಿಗೆ ಹೋಗ್ಬೇಕು ಅಂತ ಎಲ್ರೂ ಯೋಚ್ನೆ ಮಾಡ್ತೀರ. ಅವರೆಲ್ಲಿಗೆ ಹೋಗ್ಬೇಕು ಅಂತ ಯಾರೂ ಯಾಕೆ ಕೇಳಲ್ಲ?"

ಅನುಭವಸ್ಥೆಯಾದ ಗೌತಮಿಯೂ ಕ್ಷಣಕಾಲ ಪೆನ್ನು ಕೆಳಗಿಟ್ಟಳು. ಮಿಸ್ ಸೊಸೆಯ ಕಡೆಗೆ ತಿರುಗಿ, ಯಾವುದೋ ಕ್ಲಿಷ್ಟ ಲೆಕ್ಕಕ್ಕೆ ಹಿಂದಿನ ಬೆಂಚಿನ ಹುಡುಗಿ ಸರಿಯುತ್ತರ ಹೇಳಿದಾಗ ನೋಡುತ್ತಿದ್ದ ಹಾಗೆಯೇ ನೋಡಿದರು.

"ಮನೆ ನನ್ನ ಹೆಸರಲ್ಲಿದೆ," ಎಂದರು.

ಗುರುವಾರ ಪ್ರಶಾಂತ ಬಂದ. ಅವನನ್ನು ಕರೆಸಿದ್ದು ಮಿಸ್ ಇಚ್ಛೆಯ ಮೇಲೆ. ವೀಣಾ ಅವನ ಎದುರು ಬರಬೇಕಾಗಿಲ್ಲ ಎಂದು ಗೌತಮಿ ಮೊದಲೇ ಗೊತ್ತುಮಾಡಿದ್ದಳು. ಬಾಗಿಲು ತೆಗೆದವಳು ನಾನೇ. ನಿಜ ಹೇಳುತ್ತೇನೆ, ಅವನನ್ನು ನೋಡಿ ನನ್ನ ಮನಸ್ಸು ಒಂದು ಗಳಿಗೆ ಅಲುಗಾಡಿತು. ನಮಸ್ಕಾರ ಆಂಟಿ ಎಂದು ಕೈಮುಗಿದ. ಶೂಗಳನ್ನು ಹೊರಗೆ ಜೋಡಿಸಿಟ್ಟ. ಇಂಥವನು ಹೊಡೆಯುತ್ತಾನೆಯೇ ಎಂದು ನನ್ನೊಳಗಿನ ಹಳೆಯ ಶಂಕರಪುರ ಕೇಳಿತು. ಹೊಡೆಯುವವನಿಗೆ ಹೊಡೆಯುವವನ ಮುಖ ಇರಬೇಕೆಂದು ನಾವೆಲ್ಲ ಏಕೆ ಅಂದುಕೊಂಡಿದ್ದೇವೋ!

"ಮೇಡಂ, ಎಲ್ಲರ ಮನೇಲಿ ಇರೋ ಥರ ನಮ್ಮನೇಲೂ ಸಣ್ಣಪುಟ್ಟ ಮಾತು ಬರತ್ತೆ," ಎಂದು ಅವನು ಗೌತಮಿಗೆ ಹೇಳಿದ. "ವೀಣಾ ಸ್ವಲ್ಪ ಸೆನ್ಸಿಟಿವ್. ಕೈ ಬಾಗಿಲಿಗೆ ತಾಗಿದ್ದು. ಬೇಕಾದ್ರೆ ಅಮ್ಮನ್ನೇ ಕೇಳಿ. ಅಮ್ಮಾ, ನೀನೇ ಹೇಳು, ಯಾವತ್ತಾದ್ರೂ ಏನಾದ್ರೂ ಕೇಳಿದೀಯಾ ನೀನು?"

ಅವನಿಗೆ ಎಷ್ಟು ಭರವಸೆಯಿತ್ತು ನೋಡಿ. ಹನ್ನೊಂದು ವರ್ಷ ತಾಯಿಯ ಮೌನ ಅವನ ಪರವಾಗಿಯೇ ಸಾಕ್ಷಿ ಹೇಳಿತ್ತಲ್ಲ.

ಮಿಸ್ ಕುರ್ಚಿಯ ಹಿಡಿ ಹಿಡಿದು ಎದ್ದು ನಿಂತರು. ತರಗತಿಯಲ್ಲಿ ಅವರು ಎಂದೂ ಕೂತು ಪಾಠ ಮಾಡಿದವರಲ್ಲ. "ಕೇಳಿಸ್ತಿತ್ತು ಕಣೋ," ಎಂದರು. "ಪ್ರತಿ ಸಲಾನೂ ಕೇಳಿಸ್ತಿತ್ತು. ನಾನೇ ಕೇಳಿಸ್ಕೊಳ್ಳಲಿಲ್ಲ. ಅದು ನನ್ನ ತಪ್ಪು, ಅದಕ್ಕೆ ವೀಣಾನ ಕ್ಷಮೆ ಕೇಳಿದೀನಿ. ಶನಿವಾರದ ಒಳಗೆ ನಿನ್ನ ಬಟ್ಟೆಬರೆ ತಗೊಂಡು ಬೇರೆ ಮನೆ ನೋಡ್ಕೋ. ಭಾನುವಾರ ನಾನು ಬೀಗ ಬದಲಾಯಿಸ್ತೀನಿ."

ಪ್ರಶಾಂತನ ಮುಖದ ಸಭ್ಯತೆ ಆಗ ಕಳಚಿ ಬಿತ್ತು. "ಸೊಸೆಗೋಸ್ಕರ ಹೆತ್ತ ಮಗನ್ನ ಆಚೆಗೆ ಹಾಕ್ತೀಯಾ?" ಎಂದು ಕೂಗಿದ.

"ನಿನಗೋಸ್ಕರಾನೂ," ಎಂದರು ಮಿಸ್.

ಅವನು ಹೋದ ಮೇಲೆ ಅವರು ನನ್ನ ಭುಜಕ್ಕೆ ಒರಗಿ, ನಾಲ್ಕು ದಿನ ತಡೆಹಿಡಿದದ್ದನ್ನೆಲ್ಲ ಅತ್ತರು.

ಅಲ್ಲಿಗೆ ಎಲ್ಲ ಸುಖವಾಯಿತು ಎಂದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಪ್ರಶಾಂತ ಮನೆ ಬಿಟ್ಟನಾದರೂ ಎರಡು ಸಲ ಬಂದು ಗೇಟು ಅಲ್ಲಾಡಿಸಿ ಕೂಗಾಡಿದ. ರಕ್ಷಣೆಯ ಆದೇಶ ಕೈಗೆ ಬರುವವರೆಗೂ ಗೌತಮಿ ದಿನಕ್ಕೆರಡು ಬಾರಿ ಫೋನು ಮಾಡುತ್ತಿದ್ದಳು. ನೆಂಟರಲ್ಲಿ ಅರ್ಧ ಜನ ಹೋಗಿಬರುವುದನ್ನು ಬಿಟ್ಟರು; ಉಳಿದರ್ಧ ಬುದ್ಧಿ ಹೇಳಲು ಬಂದರು. ಗೌರಿ ಹಬ್ಬದ ದಿನ ಮಿಸ್ ಮಗನಿಗೆ ಇಷ್ಟವೆಂದು ಒಬ್ಬಟ್ಟು ಮಾಡಿ, ಡಬ್ಬಿಗೆ ತುಂಬಿ, ಯಾರ ಕೈಲಿ ಕಳಿಸುವುದೆಂದು ತಿಳಿಯದೆ ಕೇಂದ್ರಕ್ಕೆ ತಂದುಬಿಟ್ಟರು. "ನಾನು ಮಾಡಿದ್ದು ಸರೀನಾ ಗೌತಮಿ?" ಎಂದು ಕೇಳಿದರು.

ಗೌತಮಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ತನ್ನ ಅಜ್ಜಿಯ ಕತೆ ಹೇಳಿದಳು. ಗೌತಮಿ ಹುಟ್ಟಿ ಬೆಳೆದದ್ದು ಓಕಳಿಪುರದಲ್ಲಿ, ರೈಲು ಹಳಿಯ ಪಕ್ಕದ ವಠಾರದಲ್ಲಿ. ಅಜ್ಜ ರೈಲ್ವೆಯಲ್ಲಿ ಹಳಿ ಕೆಲಸದವರು, ಅಜ್ಜಿ ಬುದ್ಧನ ಪಟದ ಮುಂದೆ ದೀಪ ಹಚ್ಚಿಯೇ ದಿನ ಶುರುಮಾಡುವವರು. "ನಮ್ಮ ವಠಾರದಲ್ಲಿ ಒಂದು ಮನೆ ಜಗಳ ಇನ್ನೊಂದು ಮನೆಗೆ ಕೇಳಿಸದೇ ಇರೋದು ಸಾಧ್ಯವೇ ಇರ್ಲಿಲ್ಲ ಮಿಸ್. ಯಾರ ಮನೇಲಾದ್ರೂ ಹೊಡೆಯೋ ಸದ್ದು ಬಂದ್ರೆ ನಮ್ಮಜ್ಜಿ ಕೈಲಿದ್ದ ಕೆಲಸ ಬಿಟ್ಟು ಹೋಗಿ ಆ ಬಾಗಿಲ ಮುಂದೆ ನಿಂತ್ಕೊಳ್ತಿದ್ರು. ಬೈತಿರ್ಲಿಲ್ಲ, ಕೂಗ್ತಿರ್ಲಿಲ್ಲ, ಸುಮ್ನೆ ನಿಲ್ಲೋದು. ಅವರ ಹಿಂದೆ ಇನ್ನಿಬ್ರು, ಆಮೇಲೆ ಇನ್ನಷ್ಟು ಜನ. ಅಜ್ಜಿ ಹೋಗಿ ನಿಂತ ಬಾಗಿಲು ಒಂದು ಸಲ ನಮ್ಮ ಚಿಕ್ಕಪ್ಪನ ಮನೇದೇ ಆಗಿತ್ತು. ಸ್ವಂತ ಮಗ. ಅವತ್ತು ಅಜ್ಜಿ ಊಟ ಮಾಡ್ಲಿಲ್ಲ. ಆದ್ರೆ ಹೋಗಿ ನಿಂತಿದ್ರು."

ಮಿಸ್ ಡಬ್ಬಿಯ ಮುಚ್ಚಳ ತೆಗೆದರು. ಆ ಹಬ್ಬದ ದಿನ ಕೇಂದ್ರದಲ್ಲಿದ್ದ ಎಂಟು ಮಕ್ಕಳು ಒಬ್ಬಟ್ಟು ತಿಂದರು.

ನಾನು ಆ ರಾತ್ರಿಯ ಊಟದ ಹೊತ್ತಿಗೂ ಅದನ್ನೇ ನೆನೆಯುತ್ತಿದ್ದೆ. ನಮ್ಮ ಹಳೆಯ ಬಡಾವಣೆಗಳ ದಪ್ಪ ಗೋಡೆಗಳನ್ನು, ಕಾಂಪೌಂಡಿನ ಸಂಪಿಗೆ ಮರಗಳನ್ನು, ಇನ್ನೊಬ್ಬರ ಮನೆಯ ವಿಷಯಕ್ಕೆ ತಲೆಹಾಕದ ನಮ್ಮ ನಯನಾಜೂಕನ್ನು ನಾನು ಪ್ರೀತಿಸಿದವಳೇ, ಈಗಲೂ ಪ್ರೀತಿಸುತ್ತೇನೆ. ಆದರೆ ಆ ನಯದಲ್ಲಿ ಎಷ್ಟು ಭಾಗ ಗೌರವ, ಎಷ್ಟು ಭಾಗ ಹೆದರಿಕೆ ಎಂದು ಬಿಡಿಸಿ ನೋಡುವುದನ್ನು ನನಗೆ ಓಕಳಿಪುರದ ಒಬ್ಬ ಅಜ್ಜಿ, ತಾನು ಸತ್ತು ಎಷ್ಟೋ ವರ್ಷದ ಮೇಲೆ, ಮೊಮ್ಮಗಳ ಬಾಯಿಂದ ಕಲಿಸಿದರು.

ಈಗ ಎಲ್ಲರೂ ಹೇಗಿದ್ದಾರೆ ಎಂದು ಕೇಳುತ್ತೀರಿ. ಮದುವೆಗೆ ಮುಂಚೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ವೀಣಾ ಮತ್ತೆ ಅದೇ ಕೆಲಸಕ್ಕೆ ಸೇರಿದ್ದಾಳೆ. ಪ್ರಶಾಂತ ಬೇರೆ ಕಡೆ ಇದ್ದಾನೆ. ತಿಂಗಳಿಗೊಮ್ಮೆ ತಾಯಿಯನ್ನು ದೇವಸ್ಥಾನದ ಅಂಗಳದಲ್ಲಿ ಕಾಣುತ್ತಾನೆ, ಆಪ್ತಸಲಹೆಗೂ ಹೋಗುತ್ತಿದ್ದಾನಂತೆ. ಬದಲಾಗಿದ್ದಾನೆಯೇ ಎಂದರೆ ಗೊತ್ತಿಲ್ಲ ಎನ್ನುತ್ತಾರೆ ಮಿಸ್. ಬದಲಾಗಿದ್ದಾನೆ ಎಂದು ತಾವು ಹೇಳುವುದಲ್ಲ, ಹೇಳಬೇಕಾದವಳು ವೀಣಾ, ಅವಳಿಗೆ ಅವಸರವೇನಿಲ್ಲ ಎಂದೂ ಸೇರಿಸುತ್ತಾರೆ. ವಾರದಲ್ಲಿ ಎರಡು ಸಂಜೆ ಅವರು ನಮ್ಮ ಜಗಲಿಯಲ್ಲಿ, ತಾಯಂದಿರ ಜೊತೆ ಬಂದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಯಾವ ಶಾಲೆ, ಯಾವ ತರಗತಿ ಎಂಬುದೆಲ್ಲ ಗೊಂದಲದಲ್ಲಿರುವ ಮಕ್ಕಳಿಗೆ ಏಳೆಂಟಲ ಐವತ್ತಾರು ಎಂಬುದು ಎಲ್ಲಿ ಹೋದರೂ ಬದಲಾಗದೆಂದು ತಿಳಿದಾಗ ಅದೇನೋ ಸಮಾಧಾನ.

ಹೋದ ಭಾನುವಾರ ಮಿಸ್ ನನ್ನನ್ನು ಊಟಕ್ಕೆ ಕರೆದಿದ್ದರು. ಬೂದುಗುಂಬಳದ ಮಜ್ಜಿಗೆ ಹುಳಿ, ಹೀರೇಕಾಯಿ ಬಜ್ಜಿ. ನಾವು ಬಡಿಸಿಕೊಂಡು ಕೂತಿದ್ದಷ್ಟೇ, ಒಳಕೋಣೆಯಲ್ಲಿ ಅಮ್ಮ ಮಗಳ ಜಗಳ ಶುರುವಾಯಿತು. ಈಗ ಪಿಯುಸಿಗೆ ಬಂದಿರುವ ಅನನ್ಯ ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳೆ. ಇಷ್ಟುದ್ದ ಜಡೆ ಬೆಳೆಸಲು ತಾನು ಪಟ್ಟ ಪಾಡು ಯಾರಿಗೆ ಗೊತ್ತು ಎಂದು ವೀಣಾಳ ವಾದ.

"ನನ್ನ ತಲೆ, ನನ್ನಿಷ್ಟ!"

"ಹಾಗಾದ್ರೆ ದಿನಾ ಎಣ್ಣೆ ಹಚ್ಚಿದ್ದು ಯಾರು? ನೀನಾ?"

ದನಿಗಳು ಏರುತ್ತಲೇ ಹೋದವು. ಹೊರಗೆ ರಸ್ತೆಯಲ್ಲಿ ಹೋಗುವವರಿಗೂ ಕೇಳಿಸುವಷ್ಟು. ನಾನು ಅಭ್ಯಾಸಬಲದಿಂದ ಏಳಲು ಹೋದೆ, "ಸಮಾಧಾನ ಮಾಡ್ಲಾ ಮಿಸ್?" ಎಂದೆ.

ಮಿಸ್ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ತಲೆ ಒಂದು ಕಡೆ ವಾಲಿಸಿ, ಕಣ್ಣು ಅರೆಮುಚ್ಚಿ, ಒಳ್ಳೆಯ ಸಂಗೀತ ಕೇಳುವವರ ಹಾಗೆ ಅವರು ಆ ಜಗಳವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಿದ್ದರು.

"ಆಡ್ಲಿ ಬಿಡೇ," ಎಂದರು. "ಈ ಮನೇಲಿ ಇಷ್ಟು ವರ್ಷ ಹೆಣ್ಣುಮಕ್ಕಳು ಯಾರೂ ಎದುರು ಮಾತಾಡಿರ್ಲಿಲ್ಲ. ಊಟ ಮಾಡು."